ಪಲ್ಲಾವರದ ಕರಿಗಲ್ಲಿನಲ್ಲಿ ಹೈಪರ್‌ಸ್ತೀನ್

ಚೆನ್ನೈ ನಗರದ ದಕ್ಷಿಣಕ್ಕಿರುವ ಪರಂಗಿಮಲೈ ಮತ್ತು ಪಲ್ಲಾವರದ ಗುಡ್ಡಗಳ ಶಿಲೆಯು ನೋಡುವವರಿಗೆ ಬರಿಯ ಕರಿಗಲ್ಲು. ಭೂವಿಜ್ಞಾನಿಗಳಿಗೆ ಅದು ಚಾರ್ನೊಕೈಟ್. ಕಲ್ಕತ್ತೆಯ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿರುವ ಜಾಬ್ ಚಾರ್ನಾಕನ ಸಮಾಧಿಶಿಲೆಯೂ ಇದೇ ಜಾತಿಯದೆಂದು ಗುರುತಿಸಿದ ಥಾಮಸ್ ಹಾಲೆಂಡರು 1893ರಲ್ಲಿ ಈ ಹೆಸರನ್ನಿತ್ತರು. 1900ರಲ್ಲಿ ಈ ಶಿಲಾವರ್ಗವನ್ನು ಕುರಿತು ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು.

ಈ ಹೆಸರಿಗೆ ಆಧಾರವಾದುದು ಹೈಪರ್‌ಸ್ತೀನ್ ಎಂಬ ಒಂದು ಖನಿಜ. ಇದು ಕಬ್ಬಿಣ ಮತ್ತು ಮೆಗ್ನೀಸಿಯಂಗಳ ಸಿಲಿಕೇಟು. ಬೆಣಚು, ಫೆಲ್ಡ್‌ಸ್ಪಾರುಗಳು ಗ್ರಾನೈಟಿನಲ್ಲೆಲ್ಲ ಉಂಟು. ಅವುಗಳ ಜೊತೆಯಲ್ಲಿ ಹೈಪರ್‌ಸ್ತೀನ್ ದೊರೆಯುವುದು ವಿರಳ. ಭೂಮಿಯ ಆಳದಲ್ಲಿ, ಸುಮಾರು 700 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖದಲ್ಲಿ, ನೀರಿನ ಅಂಶ ತೀರ ಕಡಮೆಯಾದಲ್ಲಿ ಇಂತಹ ಶಿಲೆಗಳಲ್ಲಿ ಅದು ಮೂಡುತ್ತದೆ. ಅದನ್ನು ಬಹುವಾಗಿ ಹೋಲುವ ಹಾರ್ನ್‌ಬ್ಲೆಂಡಿನ ರಚನೆಯಲ್ಲಾದರೋ ನೀರು ಸೇರಿಕೊಂಡಿರುತ್ತದೆ. ಆದುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ಶಿಲೆಯ ಹೆಸರಷ್ಟೇ ಅಲ್ಲ, ಅದರ ಚರಿತ್ರೆಯೂ ತಪ್ಪುತ್ತದೆ.

ಗುಡ್ಡದಲ್ಲಿ ಇದನ್ನು ಗುರುತಿಸುವ ಕ್ರಮ ಹೀಗೆ. ಮಳೆಬಿಸಿಲಿಗೆ ಕಂದಿದ ಹೊರಮೈಯನ್ನು ನಂಬಬಾರದು. ಹೊಸದಾಗಿ ಒಡೆದ ಮೈಯನ್ನು ನೋಡಬೇಕು. ಅಲ್ಲಿ ಇಡೀ ಶಿಲೆಗೆ ಎಣ್ಣೆ ಸವರಿದಂತಹ ಕಾಂತಿ, ನೀಲಿಛಾಯೆಯ ಬೆಣಚು, ಹಸುರು ಬೆರೆತ ಕಂದು ಫೆಲ್ಡ್‌ಸ್ಪಾರು ಕಂಡರೆ ಸಂಶಯಕ್ಕೆ ಎಡೆಯಾಯಿತು. ಬಳಿಕ ಭೂತಗನ್ನಡಿಯಲ್ಲಿ ಕಪ್ಪು ಕಣಗಳನ್ನು ಪರೀಕ್ಷಿಸಬೇಕು. ಚಾಕುವಿನ ಮೊನೆಗೆ ಪದರಪದರವಾಗಿ ಏಳುವುದು ಕಪ್ಪು ಅಭ್ರಕ. ಸೀಳುಗಳಿಲ್ಲದ ಕೆಂಪು ಕಣ ಗಾರ್ನೆಟ್. ಉಳಿದೆರಡರ ಕಾಠಿಣ್ಯವು ಹೆಚ್ಚುಕಡಮೆ ಸಮನಾದುದರಿಂದ ಗೀಚಿ ನೋಡಿ ಫಲವಿಲ್ಲ. ಇವುಗಳನ್ನು ಬೇರ್ಪಡಿಸುವುದು ಸೀಳುಗಳ ಕೋನ. ಕಣದ ಅಡ್ಡಕೊಯ್ತದಲ್ಲಿ ಎರಡು ಸೀಳುಗಳು ಬಹುಮಟ್ಟಿಗೆ ಲಂಬವಾಗಿ ಸಂಧಿಸಿದರೆ ಅದು ಹೈಪರ್‌ಸ್ತೀನ್ ಇರಬಹುದು. 56 ಮತ್ತು 124 ಡಿಗ್ರಿಗಳ ಓರೆಯಲ್ಲಿ ಸಂಧಿಸಿದರೆ ಹಾರ್ನ್‌ಬ್ಲೆಂಡ್. ಕೆಲವು ಕಣಗಳಲ್ಲಿ ಕಂಚಿನ ಹೊಳಪೂ ನೆರವಾಗುತ್ತದೆ. ಆದರೆ ಆಗೈಟ್ ಎಂಬ ಬಂಧುಖನಿಜದಲ್ಲಿಯೂ ಸೀಳುಗಳು ಲಂಬವಾಗಿಯೇ ಇರುತ್ತವೆ. ಕೊನೆಯ ತೀರ್ಮಾನ ಸೂಕ್ಷ್ಮದರ್ಶಕದ್ದು: ತೆಳುವಾಗಿ ಅರೆದ ಶಿಲಾಪಟಲವನ್ನು ಧ್ರುವೀಕೃತ ಬೆಳಕಿನಲ್ಲಿ ತಿರುಗಿಸಿದಾಗ ಹೈಪರ್‌ಸ್ತೀನ್ ನಸುಗೆಂಪಿನಿಂದ ಹಸುರಿಗೆ ಬಣ್ಣ ಬದಲಿಸುತ್ತದೆ.

ಈ ಪರೀಕ್ಷೆಯ ಬೆಲೆ ಕನ್ನಡನಾಡಿನಲ್ಲಿಯೇ ಚೆನ್ನಾಗಿ ತಿಳಿದುಬಂದಿದೆ. ಕನಕಪುರದ ಸಮೀಪದ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ನೈಸ್ ಶಿಲೆಯ ನಡುವೆ ಹಸುರುಗಂದು ತೇಪೆಗಳಿವೆ. ನೈಸಿನ ಹಾರ್ನ್‌ಬ್ಲೆಂಡ್, ಅಭ್ರಕಗಳು ಕುಂದಿ ಹೈಪರ್‌ಸ್ತೀನ್ ಹುಟ್ಟುತ್ತಿರುವ ಸ್ಥಿತಿಯನ್ನು ಈ ತೇಪೆಗಳಲ್ಲಿ ಕಂಡು, 1960ರಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ವಿದ್ವಾಂಸರ ಗಮನಕ್ಕೆ ತಂದರು. ಚಾರ್ನೊಕೈಟೆಲ್ಲವೂ ಕರಗಿದ ಶಿಲಾದ್ರವದಿಂದಲೇ ಹೆಪ್ಪುಗಟ್ಟಿದುದಲ್ಲ, ಇದ್ದ ಶಿಲೆಯೇ ಇದ್ದಲ್ಲಿಯೇ ಮಾರ್ಪಡಲೂ ಬಹುದೆಂಬುದಕ್ಕೆ ಅದು ಪ್ರಬಲವಾದ ಸಾಕ್ಷ್ಯ.

1988ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಹೈಪರ್‌ಸ್ತೀನ್ ಎಂಬ ಹೆಸರನ್ನು ಕೈಬಿಟ್ಟು, ಅದನ್ನು ಎನ್‌ಸ್ಟಟೈಟ್ ಮತ್ತು ಫೆರೊಸಿಲೈಟ್‌ಗಳ ನಡುವೆ ಹಂಚಲಾಯಿತು. ಹೆಸರು ಯಾವುದಾದರೂ ಸೀಳಿನ ಕೋನ ಬದಲಾಗದು. ಪರಂಗಿಮಲೈಯ ಚಾರ್ನೊಕೈಟ್ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವುದರಿಂದ ಅಲ್ಲಿ ಸುತ್ತಿಗೆಯನ್ನು ಎತ್ತಬಾರದು; ಬೇರೆಡೆ ರಸ್ತೆಗೆ ಒಡೆದು ಹಾಕಿದ ಜಲ್ಲಿಯ ಒಂದು ಚೂರು ಅಭ್ಯಾಸಕ್ಕೆ ಸಾಕು.