ಗೋಡೆ ಮೇಲಿನ ಅಜ್ಜ, ಮಗ್ಗದ ಮೇಲಿನ ಕೈ: ಫೋಟೊ ನಮ್ಮ ಸ್ವಭಾವ ಹೇಳುತ್ತಾ?

ಇವತ್ತಿನ ಸಂಚಿಕೆ ಮುಖದ ಫೋಟೊಗಳ ಬಗ್ಗೆ.

ಚಳ್ಳಕೆರೆಯ ನಮ್ಮ ಮನೆ ಗೋಡೆ ಮೇಲೆ ಅಜ್ಜನ ಫೋಟೊ ಇದೆ. ಅಜ್ಜ ತೀರಿಕೊಂಡಾಗ ಬೇರೆ ಯಾವುದೂ ಸಿಗದೆ, ಪಿಂಚಣಿ ಅರ್ಜಿಗೆ ತೆಗೆಸಿದ್ದ ಪಾಸ್‌ಪೋರ್ಟ್ ಸೈಜ್ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ವಿ. ಬಿಗಿದ ಬಾಯಿ, ನೆಟ್ಟಗಿನ ಕತ್ತು. ಶೇಂಗಾ ಸುಲೀತಾ ಮಾತಿಗೊಂದು ತಮಾಷೆ ಮಾಡ್ತಿದ್ದ ಅಜ್ಜ ಅದರಲ್ಲಿ ಇಲ್ಲ.

ಅದು ಸ್ಟುಡಿಯೊದವರ ತಪ್ಪಲ್ಲ. ಆ ಫೋಟೊ ಇರೋದೇ ಗುರುತು ಹಿಡಿಯೋಕೆ. ಖಾಲಿ ಹಿನ್ನೆಲೆ, ಎದುರಿನ ಬೆಳಕು, ನಗೋ ಹಾಗಿಲ್ಲ. ಮನುಷ್ಯನ ಕೆಲಸ, ಜಾಗ, ಮನಸ್ಸು ಎಲ್ಲವನ್ನೂ ಅದು ಹೊರಗಿಡುತ್ತೆ.

ಇದಕ್ಕೆ ತದ್ವಿರುದ್ಧ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ದಾರಿ. ‘ಲೈಫ್’ ಪತ್ರಿಕೆಗೆ, ಯೂನಿಸೆಫ್‌ಗೆ ಕೆಲಸ ಮಾಡಿದ, 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕ. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ, ಮಕ್ಕಳು ತಮ್ಮ ಪಾಡಿಗೆ ತಾವಿರ್ತಾರೆ. ಕ್ಯಾಮೆರಾ ಕಾಯುತ್ತೆ.

ಕಾಯೋದು ಅಂದ್ರೇನು ಅಂತ ನನಗೆ ಗೊತ್ತಾಗಿದ್ದು ಮೊಳಕಾಲ್ಮುರಿನಲ್ಲಿ, ರೇಷ್ಮೆ ಸೀರೆಯ ಸಂಚಿಕೆಗೆ ಹೋದಾಗ. ನೇಕಾರರೊಬ್ಬರನ್ನ ‘ಒಂದು ಫೋಟೊ ತೆಗೀಲಾ ಅಣ್ಣಾ’ ಅಂದೆ. ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಗೋಡೆಗೆ ಒರಗಿ ನಿಂತರು. ಥೇಟ್ ನಮ್ಮಜ್ಜ! ಒಂದು ತೆಗೆದೆ. ‘ಮಗ್ಗದಲ್ಲೂ ತೆಗೀತೀನಿ’ ಅಂದೆ, ‘ತೆಗಿಯಪ್ಪ’ ಅಂದರು. ಅರ್ಧ ಗಂಟೆ ಮಾತಾಡ್ತಾ ಕೂತೆ. ಎಳೆಯೊಂದು ಕಡೀತು. ಮಾತು ಅಲ್ಲಿಗೇ ನಿಲ್ಲಿಸಿ, ಬಗ್ಗಿ, ಎರಡೇ ಬೆರಳಲ್ಲಿ ಎಳೆ ಹುಡುಕಿದರು. ಪಕ್ಕದ ಕಿಟಕಿಯಿಂದ ಬೆಳಕು ಕೈಮೇಲೆ ಬೀಳ್ತಿತ್ತು. ಆಗ ಎರಡನೇದು ತೆಗೆದೆ. ಅವರ ತಾಳ್ಮೆ, ಹಟ ಎರಡೂ ಅದರಲ್ಲಿತ್ತು.

ಎರಡನ್ನೂ ತೋರಿಸಿದೆ. ‘ಇಸ್ತ್ರಿ ಅಂಗಿದು ಕಳಿಸಪ್ಪ, ಮನೇಲಿ ಹಾಕ್ತೀವಿ’ ಅಂದರು!

ದಾರಿಯುದ್ದಕ್ಕೂ ಅದೇ ಯೋಚನೆ. ಮಗ್ಗದ ಫೋಟೊ ನಾನು ಕಂಡ ಮನುಷ್ಯ. ಅಂಗಿಯ ಫೋಟೊ, ತಾನು ಹೀಗೆ ಕಾಣಬೇಕು ಅಂತ ಅವರು ಬಯಸಿದ ಮನುಷ್ಯ. ಆ ಬಯಕೆಯೂ ಸ್ವಭಾವವೇ ಅಲ್ವಾ? ನಮ್ಮಜ್ಜನ ಬಿಗಿದ ಬಾಯಿಯೂ, ನಾಲ್ಕು ಜನರೆದುರು ಮರ್ಯಾದೆಯಿಂದ ಕೂರಬೇಕು ಅನ್ನೋ ಅವನದೇ ಹಟ ಇರಬಹುದು.

ಬಿಕಾಂನಲ್ಲಿ ಕಲಿತದ್ದು: ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಸ್ಥಿತಿ ಹೇಳುತ್ತೆ, ವರ್ಷವಿಡೀ ನಡೆದ ಕತೆಯನ್ನಲ್ಲ. ಫೋಟೊನೂ ಹಾಗೇ, ಒಂದು ಕ್ಷಣದ ಲೆಕ್ಕ. ಒಂದನ್ನೇ ನೋಡಿ ಯಾರನ್ನೂ ಅಳೀಬೇಡಿ.

ಅಜ್ಜಿ ಇನ್ನೂ ಇದ್ದಾಳೆ. ಈ ವಾರ ಎರಡು ಫೋಟೊ ತೆಗೀತೀನಿ: ರೊಟ್ಟಿ ತಟ್ಟುವಾಗ ಒಂದು, ಅವಳಿಗಿಷ್ಟದ ಸೀರೆ ಉಟ್ಟು ಒಂದು. ನಿಮ್ಮ ಮನೆ ಹಿರಿಯರದ್ದೂ ತೆಗೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.