ನಿದ್ದೆಯ ಹೊಸ್ತಿಲಲ್ಲಿ ಬೆಚ್ಚುವದು

ಕಣ್ಣು ಮುಚ್ಚಿ ಅರೆಗಳಿಗೆಯಾಗಿರುವದಿಲ್ಲ. ಮೆಟ್ಟಿಲು ತಪ್ಪಿ ಪಾತಾಳಕ್ಕಿಳಿದಂತಾಗಿ ಕೈಕಾಲುಗಳು ಥಟ್ಟನೆ ಸೆಳೆಯುವವು, ಎದೆ ಡವಗುಟ್ಟುವದು. ನೂರರಲ್ಲಿ 60-70 ಜನರಿಗೆ ಎಂದಾದರೊಮ್ಮೆ ಹೀಗಾಗುವದೆಂದು ವೈದ್ಯರ ಎಣಿಕೆ. ಆದರೂ ಕೆಲವರು ಇದನ್ನು ಗಾಳಿಯ ಸೋಂಕೆಂದು ದೃಷ್ಟಿ ತೆಗೆಯಿಸುವರು. ಕೆಲವರು ಹೃದಯವೇ ನಿಂತೀತೆಂದು ಅಂಜುವರು. ನಮ್ಮ ಪರಿಚಿತರೊಬ್ಬರಂತೂ ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಿದ್ದರು. ನಿದ್ದೆಗೆಟ್ಟಷ್ಟೂ ಬೆಚ್ಚುವದು ಹೆಚ್ಚಿತು!

ಎಚ್ಚರಕ್ಕೂ ನಿದ್ದೆಗೂ ನಡುವಣ ಜೋಂಪಿಗೆ ಸಂಸ್ಕೃತದಲ್ಲಿ ತಂದ್ರಾ ಎಂಬ ಹೆಸರುಂಟು. ನಮ್ಮ ಭೋಜದಲ್ಲಿ ವೇದಗಂಗೆ ದೂಧಗಂಗೆಯರು ಕೂಡುವಂತೆ ಎರಡು ಅವಸ್ಥೆಗಳು ಅಲ್ಲಿ ಕೂಡುವವು. ಮೆದುಳಿನ ಒಂದು ಭಾಗವು ನಿದ್ದೆಗೆ ಜಾರುತ್ತಿರಲು ಇನ್ನೊಂದು ಎಚ್ಚತ್ತೇ ಇದ್ದು, ಸಡಿಲಾಗುತ್ತಿರುವ ಸ್ನಾಯುಗಳಿಗೆ ಅಕಾಲದಲ್ಲಿ ಪ್ರೇರಣೆಯನ್ನು ಕಳಿಸುವದೆಂದು ಶಾಸ್ತ್ರಜ್ಞರ ಊಹೆ. ಇಯಾನ್ ಆಸ್ವಾಲ್ಡರು 1959ರಲ್ಲಿಯೇ ಮೆದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ ಈ ವಿಷಯವಾಗಿ ಬರೆದಿರುವರು.

ದಣಿವು, ಚಿಂತೆ, ನಿದ್ದೆಗೇಡು, ಸಂಜೆಯ ಚಹಾ, ತಂಬಾಕು, ಇವು ಇದನ್ನು ಹೆಚ್ಚಿಸುವವು. ನಿಪ್ಪಾಣಿಯ ಸೀಮೆಯೋ ತಂಬಾಕಿನ ಸೀಮೆ! ಉಂಡ ಮೇಲೆ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ದವಡೆಗಿಟ್ಟು ಮಲಗುವ ಗೃಹಸ್ಥರು ಬೆಚ್ಚಿದಾಗ ದೆವ್ವವನ್ನು ದೂರುವದು ನ್ಯಾಯವೇ? ರಾತ್ರಿ ಅದನ್ನು ಬಿಟ್ಟು, ನಿಯತಕಾಲಕ್ಕೆ ಮಲಗಿ ನೋಡಲಿ. ಬೆಚ್ಚಿದರೂ ಮಗ್ಗುಲು ಬದಲಿಸಿ ಮಲಗಿದರಾಯಿತು. ಇದರಿಂದ ಹೃದಯಕ್ಕೆ ಕೇಡಿಲ್ಲ.

ಹಗಲು ಎಚ್ಚರದಲ್ಲಿಯೂ ಕೈಕಾಲು ಸೆಳೆದರೆ, ನಾಲಿಗೆ ಕಡಿದುಕೊಂಡರೆ, ಅರಿವಿಲ್ಲದೆ ಮೂತ್ರವಾದರೆ ಮಾತು ಬೇರೆ. ಅದು ಅಪಸ್ಮಾರವಿರಬಹುದು. ಅಂಥವರ ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕಾಲಹರಣ ಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.