ಕಾಲಿನ ಧಮನಿಗಳ ಪರೀಕ್ಷೆ: ಸೂಜಿ ಶಸ್ತ್ರಗಳಿಲ್ಲದ ಒಂದು ವಿಧಾನ

ಸ್ವಲ್ಪ ದೂರ ನಡೆದೊಡನೆ ಮೀನಖಂಡದಲ್ಲಿ ನೋವು ಹಿಡಿದು, ನಿಂತರೆ ಶಮನವಾಗಿ, ಮತ್ತೆ ನಡೆದರೆ ಮರುಕಳಿಸುವುದುಂಟು. ನಮ್ಮಲ್ಲಿ ಇದನ್ನು ವಯೋಧರ್ಮವೆಂದು ತಳ್ಳಿಹಾಕುವವರೇ ಹೆಚ್ಚು. ಕಾಲಿನ ಧಮನಿಗಳ ಒಳಗೋಡೆಯಲ್ಲಿ ಜಿಡ್ಡು ಕೂಡಿ ರಕ್ತದ ಹಾದಿ ಕಿರಿದಾದಾಗ, ದುಡಿಯುವ ಸ್ನಾಯುವಿಗೆ ಸಾಕಷ್ಟು ರಕ್ತ ದೊರೆಯದೆ ಈ ನೋವು ಹುಟ್ಟುತ್ತದೆ. ೧೮೩೧ರಲ್ಲಿ ಫ್ರಾನ್ಸಿನ ಪಶುವೈದ್ಯ ಬುಲೆ ಇಂಥ ಕುಂಟನ್ನು ಕುದುರೆಯಲ್ಲಿ ವರ್ಣಿಸಿದನು. ೧೮೫೮ರಲ್ಲಿ ಷಾರ್ಕೊ ಮನುಷ್ಯನಲ್ಲಿ.

ರೋಗವನ್ನು ಗುರುತಿಸಲು ವೈದ್ಯನಿಗೆ ಬಹುಕಾಲ ಇದ್ದ ಸಾಧನವೆಂದರೆ ಪಾದದ ನಾಡಿಯ ಮೇಲಿಟ್ಟ ಬೆರಳು. ಆರೋಗ್ಯವಂತರಲ್ಲಿಯೂ ಆ ನಾಡಿ ಕೆಲವೊಮ್ಮೆ ಸಿಕ್ಕದು. ೧೯೨೯ರಲ್ಲಿ ಲಿಸ್ಬನ್ನಿನ ದಾಸ್ ಸಾಂತೋಸ್ ಮಹಾಧಮನಿಗೆ ಸೂಜಿ ಚುಚ್ಚಿ ದ್ರವ ತುಂಬಿ ಎಕ್ಸ್‌ರೇ ಚಿತ್ರ ಪಡೆದನು. ಚಿತ್ರವೇನೋ ಸ್ಪಷ್ಟ, ಅಪಾಯವೂ ಅಷ್ಟೇ ಸ್ಪಷ್ಟ.

ಸುಲಭವಾದ ಉಪಾಯ ಒದಗಿದ್ದು ಖಗೋಳದ ವಿಚಾರವೊಂದರಿಂದ. ನಕ್ಷತ್ರಗಳ ಬಣ್ಣವನ್ನು ಕುರಿತು ೧೮೪೨ರಲ್ಲಿ ಪ್ರಾಗ್ ನಗರದಲ್ಲಿ ಡಾಪ್ಲರ್ ಮಂಡಿಸಿದ ತತ್ತ್ವದಂತೆ, ಚಲಿಸುವ ವಸ್ತುವಿನಿಂದ ಬರುವ ಅಲೆಯ ಆವರ್ತನ ಬದಲಾಗಿ ತೋರುತ್ತದೆ. ಹರಿಯುವ ರಕ್ತಕಣಗಳಿಗೆ ತಾಗಿ ಮರಳುವ ಶ್ರವಣಾತೀತ ಧ್ವನಿಗೂ ಇದೇ ನಿಯಮ. ಯಂತ್ರವು ಆ ವ್ಯತ್ಯಾಸವನ್ನು ಕಿವಿಗೆ ಕೇಳುವ ನಾದವಾಗಿಸುತ್ತದೆ. ೧೯೫೦ರ ದಶಕದಲ್ಲಿ ಜಪಾನಿನ ಸತೋಮುರ, ಮುಂದಿನ ದಶಕದಲ್ಲಿ ಅಮೆರಿಕದ ಸ್ಟ್ರಾಂಡ್‌ನೆಸ್ ಈ ಮಾರ್ಗವನ್ನು ಬೆಳೆಸಿದರು.

ಪರೀಕ್ಷೆ ಸರಳ. ರೋಗಿಯು ಕೆಲವು ನಿಮಿಷ ಮಲಗಿ ವಿಶ್ರಮಿಸಿದ ಬಳಿಕ, ಕಾಲಿನ ಹರಡಿನ ಮೇಲ್ಗಡೆ ಪಟ್ಟಿ ಸುತ್ತಿ, ನಾದ ನಿಲ್ಲುವವರೆಗೆ ಗಾಳಿ ತುಂಬುತ್ತಾರೆ. ಮೆಲ್ಲಗೆ ಬಿಡುವಾಗ ನಾದ ಮರಳಿದ ಒತ್ತಡವನ್ನು ಗುರುತಿಸುತ್ತಾರೆ. ತೋಳಿನಲ್ಲಿಯೂ ಹಾಗೆಯೇ. ಹರಡಿನ ಒತ್ತಡವನ್ನು ತೋಳಿನದರಿಂದ ಭಾಗಿಸಬೇಕು. ತೋಳಿನಲ್ಲಿ ೧೪೦, ಹರಡಿನಲ್ಲಿ ೮೪ ಇದ್ದರೆ ಲಬ್ಧ ೦.೬೦. ಮಲಗಿದಾಗ ಇದು ೧ಕ್ಕಿಂತ ತುಸು ಹೆಚ್ಚಿರುವುದು ಸಹಜ, ೦.೯೦ ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗವೆಂದು ಎಣಿಸುತ್ತಾರೆ. ಒಂದೇ ದೇಹದ ಎರಡು ಸಾಕ್ಷ್ಯಗಳನ್ನು ಎದುರುಬದುರಾಗಿಟ್ಟು ತೂಗುವ ಈ ಕ್ರಮ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಕಾಲಿನಲ್ಲಿ ನೋವೇ ಇಲ್ಲದವರಲ್ಲಿಯೂ ಲಬ್ಧ ತಗ್ಗಿರಬಹುದು. ಅಂಥವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಭಯ ಅಧಿಕ.

ಆದರೆ ಸಾಕ್ಷಿ ಸುಳ್ಳಾಡುವ ಸಂದರ್ಭವೂ ಒಂದುಂಟು. ಬಹುಕಾಲದ ಮಧುಮೇಹಿಗಳಲ್ಲಿ ಧಮನಿಯ ಗೋಡೆ ಸುಣ್ಣಗಟ್ಟಿ ಗಡುಸಾಗಿ, ಪಟ್ಟಿಯ ಒತ್ತಡಕ್ಕೆ ಮಣಿಯದು, ಲಬ್ಧ ೧.೪೦ನ್ನು ಮೀರಬಹುದು, ಇಲ್ಲವೇ ರೋಗವನ್ನು ಮರೆಮಾಡಿ ಸಹಜವಾಗಿಯೇ ತೋರಬಹುದು. ಹೆಬ್ಬೆರಳಿನ ಸಣ್ಣ ಧಮನಿಗಳು ಸಾಮಾನ್ಯವಾಗಿ ಹಾಗೆ ಗಡುಸಾಗುವುದಿಲ್ಲ. ಆದುದರಿಂದ ಮಧುಮೇಹಿಯ ಪಾದದ ಹುಣ್ಣು ಮಾಯದಿದ್ದಾಗ, ಹರಡಿನ ಅಂಕಿಯನ್ನೇ ನಂಬದೆ, ಹೆಬ್ಬೆರಳಿಗೆ ಕಿರುಪಟ್ಟಿ ಸುತ್ತಿ ಅಲ್ಲಿನ ಒತ್ತಡವನ್ನೂ ಅಳೆಯುತ್ತಾರೆ.